ಕಣದ ಮೂಲೆಯ ದ್ರಾಕ್ಷಿ ಬಳ್ಳಿ

ಮಾರ್ಚ್ ಬಂತೆಂದರೆ ಕೊಡಗಿನ ಕಾಫಿ ಬೆಳೆಗಾರರೆಲ್ಲ ಒಂದು ಹದವಾದ ಹೂಮಳೆ ಬೀಳಲಿ ಎಂದು ದೇವರಿಗೆ ಕೈಮುಗಿಯುತ್ತಾರೆ. ಆ ಮಳೆ ಬಿದ್ದರೆ ಕಾಫಿ ಗಿಡ ಹೂವಾಗುತ್ತದೆ, ಬೀಳದಿದ್ದರೆ ಮುಂದಿನ ವರ್ಷದ ಕಥೆ ಅಲ್ಲಿಗೇ ಮುಗಿಯಿತು. ಮಾದಾಪುರದ ಆಸುಪಾಸಿನ ಅಷ್ಟೂ ಮನೆಗಳಲ್ಲಿ ಮಳೆ ಬೇಡವೇ ಬೇಡ ಎಂದು ಹರಕೆ ಹೊರುತ್ತಿದ್ದ ಒಂದೇ ಒಂದು ಜೀವ ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ. ಅಪ್ಪ ನಡುಮನೆಯಲ್ಲಿ ದೀಪ ಹಚ್ಚಿ ಮಳೆ ಕೇಳಿಕೊಂಡು ಹೊರಗೆ ಬಂದರೆ, ಅಜ್ಜಿ ಒಳಗೆ ಹೋಗಿ ಅದೇ ದೀಪಕ್ಕೆ ಇನ್ನೊಂದಿಷ್ಟು ಎಣ್ಣೆ ಹುಯ್ದು, ಸ್ವಲ್ಪ ದಿನ ತಡೆದುಕೋ ಎಂದು ಬೇಡುತ್ತಿದ್ದಳು. ಒಂದೇ ದೀಪ, ಒಂದೇ ದೇವರು, ತಾಯಿಗೊಂದು ಬೇಡಿಕೆ, ಮಗನಿಗೊಂದು ಬೇಡಿಕೆ. ಇದಕ್ಕೆಲ್ಲ ಕಾರಣ ನಮ್ಮ ಕಣದ ಮೂಲೆಯಲ್ಲಿದ್ದ ಮುದಿ ದ್ರಾಕ್ಷಿ ಬಳ್ಳಿ.

ಈಗ ನಮ್ಮ ವೈನರಿಗೆ ಬರುವವರು ಬಾಟಲಿ ಹಿಡಿದು ಫೋಟೊ ತೆಗೆಸಿಕೊಂಡು, ಗಾಜಿನ ಲೋಟವನ್ನು ಗಿರಗಿರನೆ ತಿರುಗಿಸಿ, ಮೂಗು ತೂರಿಸಿ, ಆಮೇಲೆ ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಮೇಡಂ, ಇದನ್ನೆಲ್ಲ ಎಲ್ಲಿ ಕಲಿತ್ರಿ?" ಕಾಫಿ ಕಣದಲ್ಲಿ ಎಂದರೆ ನಗುತ್ತಾರೆ. ನಗಲಿ, ನಕ್ಕವರೇ ಹೋಗುವಾಗ ಎರಡು ಬಾಟಲಿ ಹೆಚ್ಚಿಗೆ ಒಯ್ಯುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ. ಇವತ್ತು ನಮ್ಮ ಇಳಿಜಾರಿನಲ್ಲಿ ಹಬ್ಬಿರುವ ಬಳ್ಳಿಗಳೆಲ್ಲ ಆ ಒಂದು ಬಳ್ಳಿಯ ಕಡ್ಡಿ ಕತ್ತರಿಸಿ ನೆಟ್ಟವು, ಅವುಗಳಿಗೂ ಈಗ ನನ್ನ ಹಾಗೆ ಬುಡ ದಪ್ಪಗಾಗಿದೆ. ಆದರೆ ಬಳ್ಳಿ ಉಳಿದಿದ್ದಕ್ಕೆ ತಾನೇ ಕಡ್ಡಿ ಸಿಕ್ಕಿದ್ದು. ಅದು ಉಳಿದ ವರ್ಷವನ್ನೇ ನಾನಿಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಏನಾದೆನೋ ಅದಾದದ್ದು ಆ ವರ್ಷವೇ.

ನಮ್ಮ ಮನೆ ಕೋಟೆಬೆಟ್ಟಕ್ಕೆ ಮುಖ ಮಾಡಿಕೊಂಡಿತ್ತು. ಮನೆಯ ಮುಂದೆ ಕಾಫಿ ಒಣಗಿಸುವ ಕಣ. ನಿಜ ಹೇಳಬೇಕೆಂದರೆ ಮನೆಗಿಂತ ಕಣಕ್ಕೇ ಮರ್ಯಾದೆ ಜಾಸ್ತಿ. ನೆಂಟರು ಚಪ್ಪಲಿ ಮೆಟ್ಟಿಕೊಂಡು ಜಗಲಿ ಹತ್ತಿದರೂ ಅಪ್ಪ ಸುಮ್ಮನಿರುತ್ತಿದ್ದರು, ಕಣದ ಮೇಲೆ ಕಾಲಿಟ್ಟರೆ ಮುಗಿಯಿತು. ಅರ್ಧ ಭಾಗಕ್ಕೆ ಸಿಮೆಂಟು, ಉಳಿದರ್ಧಕ್ಕೆ ಸಗಣಿ ಸಾರಿಸಿದ ಮಣ್ಣು. ಮಣ್ಣಿನ ಕಡೆಯ ಮೂಲೆಯಲ್ಲಿ ಕಲ್ಲಿನ ಕಂಬಗಳ ಚಪ್ಪರ, ಅದರ ಮೇಲೆ ಬಳ್ಳಿ. ಬುಡ ಅಪ್ಪನ ತೊಡೆಯಷ್ಟು ದಪ್ಪ, ಸಿಪ್ಪೆ ಸುಲಿಸುಲಿದು ಬರುತ್ತಿತ್ತು. ಅಜ್ಜಿಯ ಅತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ಯಾವುದೋ ಬಂಗಲೆಯ ತೋಟದಿಂದ ಒಂದು ಕಡ್ಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಊರಿದ್ದಂತೆ. ಕೊಡಗಿನ ಮಳೆಗೆ ದ್ರಾಕ್ಷಿ ಕೊಳೆತು ಹೋಗುತ್ತದೆ ಎಂದು ಎಲ್ಲರೂ ಹೇಳಿದರಂತೆ. ಆಯಮ್ಮ ಇಡೀ ತೋಟದಲ್ಲಿ ಅತಿ ಹೆಚ್ಚು ಬಿಸಿಲು ಬೀಳುವ ಜಾಗ ಯಾವುದೆಂದು ನೋಡಿ ಅಲ್ಲೇ ನೆಟ್ಟಳು. ಕಾಫಿ ಒಣಗಿಸಲು ಗಂಡಸರು ಆರಿಸಿಕೊಂಡಿದ್ದ ಜಾಗವೂ ಅದೇ ಆಗಿತ್ತು.

ಹೀಗೆ ಬಿಸಿಲಿಗಾಗಿ ಶುರುವಾದ ಜಗಳ ಅಪ್ಪನ ಕಾಲಕ್ಕೂ ಮುಗಿದಿರಲಿಲ್ಲ. ಮಧ್ಯಾಹ್ನ ಕಳೆದರೆ ಚಪ್ಪರದ ನೆರಳು ಕಣದ ಮೇಲೆ ಚಾಚಿಕೊಳ್ಳುತ್ತಿತ್ತು, ಅಪ್ಪ ಕಾಫಿಯನ್ನು ಹಲಗೆಯಿಂದ ಈಚೆಗೆ ಎಳೆಯುತ್ತ ಗೊಣಗುತ್ತಿದ್ದರು. ಅಷ್ಟು ನೆರಳು ಕೊಟ್ಟು ಬಳ್ಳಿ ಕೊಡುತ್ತಿದ್ದ ಹಣ್ಣಾದರೂ ಎಷ್ಟು? ಪುಟ್ಟ ಪುಟ್ಟ ಕಪ್ಪು ಗೊಂಚಲು, ಹಣ್ಣಿಗಿಂತ ಬೀಜವೇ ದೊಡ್ಡದು. ಆದರೆ ಒಂದು ಹಣ್ಣು ಹಿಸುಕಿದರೆ ಬೆರಳಿಗೆ ಹತ್ತಿದ ಬಣ್ಣ ಸೀಗೆಕಾಯಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಮುದಿ ಬಳ್ಳಿ ಕೊಡುವುದು ಕಮ್ಮಿ, ಕೊಟ್ಟಿದ್ದರಲ್ಲಿ ನೀರು ಬೆರೆಸಿರುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ತನ್ನ ವಯಸ್ಸಿನ ಬಗ್ಗೆಯೂ ಅದೇ ಮಾತು ಹೇಳುತ್ತಿದ್ದಳು.

ಅಡುಗೆಮನೆಗೂ ಭತ್ತದ ಪತ್ತಾಯಕ್ಕೂ ನಡುವೆ ಒಂದು ಕಿರಿದಾದ ಕೋಣೆ, ಅದಕ್ಕೆ ಭರಣಿ ಕೋಣೆ ಎಂದೇ ಹೆಸರು. ಕಂದು ಬಿಳಿ ಬಣ್ಣದ ಪಿಂಗಾಣಿ ಭರಣಿಗಳು ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದವು. ಕೊಡಗಿನ ಎಲ್ಲ ಮನೆಯಲ್ಲೂ ವೈನ್ ಮಾಡುತ್ತಾರೆ, ನೆಲ್ಲಿಕಾಯಿಯದ್ದು, ವೀಳ್ಯದೆಲೆಯದ್ದು, ಕಡೆಗೆ ಗಾಂಧಾರಿ ಮೆಣಸಿನದ್ದೂ ಮಾಡುವವರಿದ್ದಾರೆ. ದ್ರಾಕ್ಷಿಯಷ್ಟೇ ಸಕ್ಕರೆ ಸುರಿದು, ಗೋಧಿ, ಲವಂಗ ಹಾಕಿ ಮಾಡುವ ಆ ವೈನನ್ನು ಅಜ್ಜಿ ಶರಬತ್ತು ಎಂದು ಕರೆಯುತ್ತಿದ್ದಳು. ಅವಳ ಕಾನೂನುಗಳೇ ಬೇರೆ. ಹಣ್ಣು ತೊಳೆಯಬಾರದು, ಸಿಪ್ಪೆಯ ಮೇಲಿನ ಬೂದಿಯಂಥ ಪುಡಿಯೇ ಹುಳಿ ಬರಿಸುವುದು. ನೀರು ತಾಗಿದ ಹಣ್ಣು ಭರಣಿಗೆ ಬೀಳಬಾರದು. ಸಕ್ಕರೆ ಕೈಯಳತೆಯಲ್ಲಿ ಚೂರೇ ಚೂರು. ಮೀನು ಹುರಿಯುವ ದಿನ ಆ ಕೋಣೆಯ ಬಾಗಿಲು ತೆರೆಯುವಂತಿಲ್ಲ. ಹಲಸಿನ ಹಣ್ಣು ತಿಂದ ಬಾಯಲ್ಲಿ ಒಳಗೆ ಹೋದರೆ ಬೆನ್ನಿಗೆ ಗುದ್ದು. ನಾನು ಎಷ್ಟು ಗುದ್ದು ತಿಂದಿದ್ದೇನೋ ಲೆಕ್ಕವಿಲ್ಲ, ಹಲಸಿನ ಹಣ್ಣು ಬಿಡಲೂ ಆಗುತ್ತಿರಲಿಲ್ಲ, ಆ ಕೋಣೆಯ ವಾಸನೆ ಬಿಡಲೂ ಆಗುತ್ತಿರಲಿಲ್ಲ.

ಆ ವರ್ಷ ಚಳಿಗಾಲದಲ್ಲಿ ಅಜ್ಜಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಇದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾದದ್ದು ಒಂದು ಬೆಳಗ್ಗೆ ಒಲೆಯ ಮುಂದೆ. ಅವ್ವ, ಅಂದರೆ ನನ್ನ ತಾಯಿ, ದನದ ಹಟ್ಟಿಯಲ್ಲಿದ್ದರು, ಅಜ್ಜಿ ಸಾರಿನ ಸೌಟು ನನ್ನ ಮುಂದೆ ಹಿಡಿದಳು.

"ಗೂಡೆ, ಇಲ್ಲಿ ಬಾ. ಇದ್ ಹೇಂಗುಟ್ಟು ಹೇಳ್."

ಗೂಡೆ ಎಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗಿ, ಉಟ್ಟು ಎಂದರೆ ಇದೆ. ನನಗೆ ಲೀಲಾ ಎಂದು ಚೆಂದದ ಹೆಸರಿಟ್ಟು, ಮನೆಯಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ.

"ಉಪ್ಪು ಜಾಸ್ತಿ ಆತ್ ಅಜ್ಜಿ. ಎರಡು ಸಲ ಹಾಕಿದಿಯಾ?"

"ಆದಿಕ್ಕು. ನನ್ನ ನಾಲಿಗೇಲಿ ಎಂತ ರುಚಿನೂ ಇಲ್ಲೆ. ಮಣ್ಣು ತಿಂದಂಗೆ ಉಟ್ಟು. ಯಾರಿಗೂ ಹೇಳ್ಬೇಡ, ಕೇಳ್ತಾ?"

ನಾನು ಹೇಳಲಿಲ್ಲ. ಅವಳು ಹೆದರಿದ್ದು ಸಾರಿನ ಉಪ್ಪಿಗಲ್ಲ ಎಂದು ನನಗೆ ಗೊತ್ತಿತ್ತು. ಫೆಬ್ರವರಿ ಬಂದಿತ್ತು, ಚಪ್ಪರದಲ್ಲಿ ಹಣ್ಣು ಬಣ್ಣ ತಿರುಗುತ್ತಿತ್ತು. ಯಾವ ದಿನ ಕೊಯ್ಯಬೇಕು ಎಂದು ಹೇಳುವುದು ಕಣ್ಣಲ್ಲ, ನಾಲಿಗೆ. ಬಣ್ಣ ಬಂದ ಮೇಲೂ ಹಣ್ಣು ಬಹಳ ದಿನ ಸುಳ್ಳು ಹೇಳುತ್ತದೆ. ಅವತ್ತಿನಿಂದ ದಿನಾ ಬೆಳಗ್ಗೆ ಹಲ್ಲುಜ್ಜುವ ಮೊದಲು ಅಜ್ಜಿ ನನ್ನನ್ನು ಚಪ್ಪರದ ಕೆಳಗೆ ಕರೆದುಕೊಂಡು ಹೋಗಿ ಒಂದೊಂದು ಮೂಲೆಯಿಂದ ಒಂದೊಂದು ಹಣ್ಣು ಕಿತ್ತು ಕೊಡುತ್ತಿದ್ದಳು. ರಸ ನುಂಗು, ಸಿಪ್ಪೆ ಕೆನ್ನೆಯಲ್ಲಿ ಇಟ್ಟುಕೋ, ಬೀಜ ಕಡಿ. ಸಿಪ್ಪೆ ಒಸಡನ್ನು ಹಿಡಿದು ಎಳೆಯುತ್ತದೆಯೋ ಇಲ್ಲವೋ? ಬೀಜ ಹಸಿಮರದ ಹಾಗಿದೆಯೋ, ಹುರಿದ ಹಾಗೆ ಪಟ್ಟೆನ್ನುತ್ತದೆಯೋ? ನಾನು ಹೇಳಿದ್ದನ್ನು ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಶಾಲೆಯಲ್ಲಿ ನನ್ನ ಉತ್ತರವನ್ನು ಯಾರೂ ಅಷ್ಟು ಗೌರವದಿಂದ ಕೇಳಿದ್ದಿಲ್ಲ, ನನಗೆ ಕೊಂಬು ಬಂದಿತ್ತು.

ಅಷ್ಟರಲ್ಲಿ ಊಟದ ಹೊತ್ತಿನ ಆ ಜಗಳ ನಡೆಯಿತು. ಅಕ್ಕಿ ರೊಟ್ಟಿ, ಎಳೆ ಬಿದಿರಿನ ಉಪ್ಪಿನಕಾಯಿ, ಬಿಸಿ ಬಿಸಿ ಸಾರು. ಅಪ್ಪ ತಟ್ಟೆಯಿಂದ ತಲೆ ಎತ್ತದೆಯೇ ವಿಷಯ ತೆಗೆದರು. ತಲೆ ಎತ್ತದೆ ಅವರು ಮಾತಾಡಿದರೆ ಆ ಮಾತು ಆಗಲೇ ತೀರ್ಮಾನವಾಗಿದೆ ಎಂದು ಅರ್ಥ.

"ಅವ್ವ, ಈ ಸಲ ಆ ಬಳ್ಳಿ ತೆಗೆಯೊಕು. ಕಣ ಆ ಮೂಲೆವರೆಗೂ ಸಿಮೆಂಟ್ ಆಕು."

"ನನ್ನ ತೆಗ್ದ ಮೇಲೆ ಅದ್ನ ತೆಗಿ."

"ಕಾಫಿ ಒಣಗಿಕೆ ಬಿಸಿಲ್ ಬೇಡವಾ? ಅರ್ಧ ಕಣ ನೆರಳ್. ಅಷ್ಟು ಮಾಡಿ ಆ ಒಗರು ನೀರ್ ಯಾರ್ ಕುಡಿಯುದು ಈ ಮನೇಲಿ?"

ಅಜ್ಜಿ ರೊಟ್ಟಿಯ ಕೊನೆಯ ಚೂರು ಸಾರಿನಲ್ಲಿ ಅದ್ದಿ, ರುಚಿಯೇ ತಿಳಿಯದ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದಳು.

"ಹಿರಿಯರ್ ಕುಡ್ದವೆ," ಅಂದಳು, ಹಿರಿಯರು ಕುಡಿಯುತ್ತಾರೆ ಎಂದು.

ಅವ್ವನ ಕೈಯ ಸೌಟು ಅಲ್ಲೇ ನಿಂತಿತು. ನಮ್ಮ ಮನೆಯ ಪದ್ಧತಿ ಹೇಳದಿದ್ದರೆ ಆ ಮಾತಿನ ತೂಕ ತಿಳಿಯುವುದಿಲ್ಲ. ಸೆಪ್ಟೆಂಬರಿನಲ್ಲಿ ಬರುವ ಕೈಲ್ ಮುಹೂರ್ತ ಎಂಬ ಆಯುಧಪೂಜೆಯ ಹಬ್ಬದಂದು ನಡುಮನೆಯಲ್ಲಿ ಬಾಳೆ ಎಲೆ ಹಾಕಿ, ತೀರಿಹೋದ ಹಿರಿಯರಿಗೆ ಬಡಿಸುತ್ತೇವೆ. ಹಂದಿ ಕರಿ, ಕಡುಬು, ಪಕ್ಕದಲ್ಲಿ ಒಂದು ಲೋಟ ಬ್ರಾಂದಿ. ಗಂಡಸರ ಕುಡಿತವೇ ಹಿರಿಯರ ಕುಡಿತ, ಹೆಂಗಸರು ಭರಣಿಯಲ್ಲಿ ಕೂಡಿಡುವ ಹಣ್ಣಿನ ರಸಕ್ಕೆ ಆ ಎಲೆಯ ಹತ್ತಿರ ಯಾವತ್ತೂ ಜಾಗ ಇರಲಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ಹಿರಿಯರ ಎಲೆಗೆ ಸಂದ ಫಲದ ಮರಕ್ಕೆ ಕೊಡಲಿ ಹಾಕುವಂತಿಲ್ಲ. ನಮ್ಮ ಹಿತ್ತಿಲಲ್ಲಿ ಒಂದು ಕಿತ್ತಳೆ ಮರ ಒಂದೂ ಕಾಯಿ ಬಿಡದೆ, ಎಲೆಯೂ ನೆಟ್ಟಗಿಲ್ಲದೆ ಮಹಾರಾಜನಂತೆ ನಿಂತಿದ್ದದ್ದು ಈ ಕಟ್ಟಳೆಯ ಕೃಪೆಯಿಂದಲೇ.

"ಈ ವರ್ಷದ ವೈನ್ ಹಿರಿಯರ ಎಲೆಗೆ ಇಡೊಕು," ಅಜ್ಜಿ ಮುಂದುವರಿಸಿದಳು. "ನಿನ್ನ ಚಿಕ್ಕಪ್ಪ ಕುಡ್ದ್ ನೋಡ್ಲಿ. ಅಂವ ಒಪ್ಪಿದ್ರೆ ಬಳ್ಳಿ ಇರ್ಲಿ. ಒಪ್ಪದಿದ್ರೆ ಕೊಡಲಿ ನಾನೇ ತಂದ್ ನಿನ್ನ ಕೈಗೆ ಕೊಡ್ನೆ."

ಅಪ್ಪನ ಚಿಕ್ಕಪ್ಪ ಎಂದರೆ ನಮ್ಮ ತೀರಿಹೋದ ಅಜ್ಜನ ತಮ್ಮ, ನಮ್ಮ ಪಾಲಿನ ಚಿಕ್ಕಜ್ಜ. ಗೋಣಿಕೊಪ್ಪಲಿನಲ್ಲಿ ಮಗಳ ಮನೆಯಲ್ಲಿದ್ದರು. ಹಬ್ಬಕ್ಕೆ ಬಂದು ಹಿರಿಯರಿಗೆ ಬಡಿಸಿ, ಹಿರಿಯರ ಪಾಲನ್ನು ಮೊದಲು ಬಾಯಿಗೆ ಹಾಕಿಕೊಳ್ಳುವ ಅಧಿಕಾರ ಅವರದ್ದು. ಬ್ರಾಂದಿ ಬಿಟ್ಟು ಬೇರೇನೂ ಮುಟ್ಟದ ಮನುಷ್ಯ, ಮುಖಸ್ತುತಿ ಎಂಬುದು ಅವರ ಜಾತಕದಲ್ಲೇ ಇಲ್ಲ. ಅಪ್ಪ ನಕ್ಕುಬಿಟ್ಟರು, ಆಗಲಿ ಎಂದರು. ಗೆದ್ದೇಬಿಟ್ಟೆ ಎಂದುಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ನಾನು ಮಾತ್ರ ಅರ್ಧ ತಿಂದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟೆ. ಅಜ್ಜಿ ಪಣಕ್ಕಿಟ್ಟದ್ದು ಬಳ್ಳಿಯನ್ನು, ಆದರೆ ಅದನ್ನು ಗೆಲ್ಲಬೇಕಾಗಿದ್ದ ನಾಲಿಗೆ ನನ್ನದು.

ಮಾರ್ಚ್ ಹತ್ತಿರವಾದಂತೆ ಮೋಡ ಓಡಾಡತೊಡಗಿತು. ಹೂಮಳೆ ಒಂದು ಸಲ ಬಿದ್ದರೆ ಸಾಕು, ಮಾಗಿದ ದ್ರಾಕ್ಷಿ ನೀರು ಕುಡಿದು ಬಿರಿಯುತ್ತದೆ, ಮಾರನೇ ದಿನಕ್ಕೆ ಬೂಷ್ಟು. ಅಪ್ಪನ ಪಾಡೂ ಸುಖದ್ದಲ್ಲ. ಗಿಡಕ್ಕೆ ಮಳೆ ಬೇಕು, ಕಣದಲ್ಲಿ ಹರಡಿದ್ದ ಕಾಫಿಗೆ ಬೇಡ. ಒಂದೇ ಬಾಯಲ್ಲಿ ಎರಡು ಬೇಡಿಕೆ ಇಡುತ್ತೀಯ, ನಾನಾದರೂ ಒಂದೇ ಮಾತಿನವಳು ಎಂದು ಅಜ್ಜಿ ಅವರನ್ನು ಚುಚ್ಚುತ್ತಿದ್ದಳು. ಅವ್ವ, ಇವತ್ತೇ ಕೊಯ್ದುಬಿಡೋಣ ಎಂದು ದಿನಾ ಹೇಳುತ್ತಿದ್ದರು. ಅಜ್ಜಿ ನನ್ನ ಮುಖ ನೋಡುತ್ತಿದ್ದಳು. ನಾನು ಬೀಜ ಕಡಿದು, ಇಲ್ಲೆ, ಇನ್ನೂ ಇಲ್ಲೆ ಎಂದು ತಲೆಯಾಡಿಸುತ್ತಿದ್ದೆ. ಕಣ್ಣು ಮೋಡದ ಕಡೆಗೇ ಓಡುತ್ತಿತ್ತು. ಆದರೂ ಹಸಿಬೀಜವನ್ನು ಮಾಗಿದೆ ಎನ್ನಲು ನನ್ನ ಬಾಯಿ ಒಪ್ಪುತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ಸೆಕೆ ಎಂದರೆ ಸೆಕೆ. ಕೋಟೆಬೆಟ್ಟದ ನೆತ್ತಿ ಕಪ್ಪಾಗಿ, ಗಾಳಿ ತಟ್ಟನೆ ನಿಂತಿತು. ಅಪ್ಪ ಒಂದು ಕೂಗು ಹಾಕಿದ್ದೇ ಲೈನುಮನೆಗಳ ಕೆಲಸದ ಹೆಂಗಸರೆಲ್ಲ ಹಲಗೆ ಹಿಡಿದು ಕಾಫಿ ಗುಡ್ಡೆ ಹಾಕಲು ಓಡಿದರು. ಅಜ್ಜಿ ನನ್ನನ್ನು ಏಣಿ ಹತ್ತಿಸಿದಳು. ಚಪ್ಪರದ ಮೇಲೆ ಬಿಸಿಲಿಗೆ ಮೈಯೊಡ್ಡಿದ್ದ ಗೊಂಚಲಿನಿಂದ ಒಂದು ಹಣ್ಣು ಬಾಯಿಗಿಟ್ಟೆ. ಸಿಪ್ಪೆ ಒಸಡನ್ನು ಹಿಡಿದು ಬಿಟ್ಟುಬಿಟ್ಟಿತು, ನಿನ್ನೆಯವರೆಗೆ ಅದು ಬಿಡುತ್ತಿರಲಿಲ್ಲ. ಬೀಜ ಪಟ್ಟೆಂದಿತು. ಇನ್ನೊಂದು ಮೂಲೆಯದ್ದನ್ನು ತಿಂದೆ, ಅದೂ ಪಟ್ಟೆಂದಿತು.

"ಅಜ್ಜಿ, ಆತ್! ಈಗ ಕೊಯ್ಯಿ!"

ಮುಂದೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನನಗೆ ನಗು ತಡೆಯಲಾಗುವುದಿಲ್ಲ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಣದ ನಟ್ಟನಡುವೆ ನಿಂತು, ಕಾಫಿ ಎಳೆಯುತ್ತಿದ್ದ ಹೆಂಗಸರಲ್ಲಿ ಅರ್ಧ ಜನರನ್ನು ಕೈಬೀಸಿ ಚಪ್ಪರದ ಕಡೆಗೆ ತಿರುಗಿಸಿದಳು. ಅಪ್ಪ, "ಅವ್ವಾ, ಕಾಫಿ!" ಎಂದು ಕೂಗಿದರೆ ಅಜ್ಜಿ, "ಸೋಮಯ್ಯ, ದ್ರಾಕ್ಷಿ!" ಎಂದು ಕೂಗಿದಳು. ಸರೋಜಕ್ಕ ಎಂಬ ಕೆಲಸದಾಕೆ ನಡುವೆ ನಿಂತು, "ಅಯ್ಯೋ ಸಾಮಿ, ಒಬ್ರು ಸೊಲ್ಲಿ, ಯಾರ ಮಾತು ಕೇಳೋದು ನಾನು?" ಎಂದು ತಮಿಳು ಕನ್ನಡ ಬೆರೆಸಿ ಗೋಳಾಡಿದಳು. ಅವ್ವ ಕಾಫಿ ಕೊಯ್ಯುವ ಬುಟ್ಟಿಗಳನ್ನು ಬರಬರನೆ ತಂದು ಚಪ್ಪರದ ಕೆಳಗೆ ಸುರಿದರು. ನಾನು ಮೇಲಿನಿಂದ ಕತ್ತರಿಸಿ ಇಳಿಬಿಟ್ಟೆ, ಕೆಳಗಿನವರು ಸೆರಗೊಡ್ಡಿ ಹಿಡಿದರು. ಟಾರ್ಪಾಲು ಹೊದಿಸಿ ಮುಗಿಸಿದ ಅಪ್ಪ ಕಣದ ಆಚೆ ಬದಿಯಲ್ಲಿ ಏದುಸಿರು ಬಿಡುತ್ತ ನಿಂತಿದ್ದರು. ಚಪ್ಪರದ ನೆತ್ತಿಯ ಗೊಂಚಲುಗಳು ನನ್ನ ಕೈಗೆ ಎಟುಕುತ್ತಿರಲಿಲ್ಲ, ಎಲ್ಲಕ್ಕಿಂತ ಹೆಚ್ಚು ಬಿಸಿಲುಂಡ ಹಣ್ಣು ಅವೇ. ಅಪ್ಪ ನನ್ನನ್ನು ನೋಡಿದರು, ಮೋಡ ನೋಡಿದರು, ಬಾಯಲ್ಲಿ ಏನೋ ಬೈದುಕೊಂಡು ಬಂದು ಏಣಿ ಹತ್ತಿದರು. ತಾವು ಕಡಿಯಲು ಹೊರಟಿದ್ದ ಬಳ್ಳಿಯ ಕೊನೆಯ ಗೊಂಚಲುಗಳನ್ನು ತಾವೇ ಕೊಯ್ದು ನನ್ನ ಕೈಗೆ ದಾಟಿಸಿದರು.

ಕೊನೆಯ ಬುಟ್ಟಿ ಜಗಲಿ ಸೇರುವ ಮೊದಲೇ ದಪ್ಪ ಹನಿ ಬಿತ್ತು. ಆ ಬುಟ್ಟಿಯನ್ನು ಅಜ್ಜಿ ಮುಲಾಜಿಲ್ಲದೆ ಪಕ್ಕಕ್ಕಿಟ್ಟಳು, ನೀರು ತಾಗಿದ್ದು ಜಾಮಿಗೆ ಎಂದಳು. ಉಳಿದದ್ದೆಲ್ಲ ಒಣ ಹಣ್ಣು, ಮೇಲಿನ ಬೂದಿ ಬೂದಿಯಾಗೇ ಇತ್ತು. ಹೊರಗೆ ಮಳೆ ಧೋ ಎಂದು ಸುರಿಯಿತು. ಅಪ್ಪ ಅಂಗಳದಲ್ಲಿ ನೆನೆಯುತ್ತ ನಿಂತು ಮುಖ ಮೇಲೆತ್ತಿ ನಗುತ್ತಿದ್ದರು, ಕಾಫಿಗೆ ಬೇಕಾಗಿದ್ದಷ್ಟೂ ಮಳೆ ಒಂದೇ ಸಲಕ್ಕೆ ಬಿದ್ದಿತ್ತು. ಬೇಡಿದವರಿಗೂ ಬೇಡವೆಂದವರಿಗೂ ದೇವರು ನ್ಯಾಯ ಮಾಡಿದ್ದ. ನಮ್ಮ ಮನೆಯಲ್ಲಿ ಯಾರೂ ಸೋಲದ ದಿನ ನಾನು ನೋಡಿದ್ದು ಅದೊಂದೇ. ಆ ಸಂತೋಷ ಅಂತಿಂಥದ್ದಲ್ಲ, ರಾತ್ರಿ ಊಟಕ್ಕೆ ಅಪ್ಪ ಅಜ್ಜಿಯ ತಟ್ಟೆಗೆ ತಾವೇ ತುಪ್ಪ ಬಡಿಸಿದರು.

ಆದರೆ ಒಪ್ಪಂದ ಒಪ್ಪಂದವೇ. ತೊಟ್ಟು ಬಿಡಿಸಿ, ಕೈಯಲ್ಲಿ ಹಿಸುಕಿ, ಸಿಪ್ಪೆ ಬೀಜ ಸಮೇತ ಭರಣಿಗೆ ತುಂಬಿದೆವು. ನನ್ನ ಕೈ ಮೊಣಕೈವರೆಗೆ ನೇರಳೆ. ಕೆಲವೇ ದಿನಗಳಲ್ಲಿ ಭರಣಿಯೊಳಗೆ ಗುಸುಗುಸು ಶುರುವಾಯಿತು, ಕಿವಿಯಿಟ್ಟು ಕೇಳಿದರೆ ಯಾರೋ ಗುಟ್ಟು ಹೇಳಿಕೊಳ್ಳುತ್ತಿರುವ ಹಾಗೆ. ಮೇಲೆದ್ದು ಬರುವ ಸಿಪ್ಪೆಯನ್ನು ಮರದ ಸೌಟಿನಿಂದ ಅದುಮುವುದು ನನ್ನ ಕೆಲಸ. ಸದ್ದು ಅಡಗಿದ ಮೇಲೆ ಮಲ್ಲು ಬಟ್ಟೆಯಲ್ಲಿ ಸೋಸಿ, ಬೇರೆ ಭರಣಿಗೆ ಹುಯ್ದು, ಬಾಯಿಗೆ ಬಟ್ಟೆ ಬಿಗಿದು, ಸುತ್ತ ಮೈದಾ ಹಿಟ್ಟಿನ ಮೆತ್ತಿಗೆ ಹಾಕಿದೆವು. ಜೂನ್ ಬಂತು, ಮಳೆ ಹಿಡಿಯಿತು. ಬಟ್ಟೆ ಒಣಗದೆ, ಉಪ್ಪು ನೀರಾಗಿ, ಬೆಂಕಿಪೊಟ್ಟಣ ಹತ್ತದೆ ಮನೆಯಲ್ಲಿ ಎಲ್ಲರೂ ಸಿಡಿಮಿಡಿ ಎನ್ನುವ ತಿಂಗಳುಗಳು. ಭರಣಿ ಕೋಣೆ ಮಾತ್ರ ಅಡುಗೆಮನೆಯ ಒಲೆಯ ಕಾವಿಗೆ ಬೆಚ್ಚಗಿರುತ್ತಿತ್ತು.

ಜುಲೈ ಕಳೆದು ಬರುವ ಆಟಿ ತಿಂಗಳಲ್ಲಿ ತಳದ ಗಷ್ಟು ಬಿಟ್ಟು ತಿಳಿಯನ್ನು ಬೇರೆ ಮಾಡಲು ಭರಣಿ ತೆಗೆದಾಗ ಅವ್ವ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿತು.

"ಅತ್ತೆ, ಇದ್ ಒಗರೇ ಒಗರು. ಚಿಕ್ಕಮಾವ ಉಗ್ದವೆ ಇದ್ನ. ಒಂದಿಷ್ಟು ಸಕ್ಕರೆ ಹಾಕ್ಯಂಬ, ಬಳ್ಳಿ ಉಳ್ಕಂಡದೆ."

ಅವ್ವನಿಗೂ ಬಳ್ಳಿ ಬೇಕಾಗಿತ್ತು, ಭಯದಿಂದ ಆಡಿದ ಮಾತು ಅದು. ಕೈಯಲ್ಲಿ ಸಕ್ಕರೆ ಡಬ್ಬ ಆಗಲೇ ಬಂದಿತ್ತು. ಅಜ್ಜಿ ನನ್ನ ಕಡೆ ತಿರುಗಿದಳು. ನಾನು ಬೆರಳದ್ದಿ ನೆಕ್ಕಿದೆ. ಒಗರು ಇತ್ತು, ಸುಳ್ಳಲ್ಲ. ಆದರೆ ಅದು ಹಸಿಬೀಜದ ಒಗರಲ್ಲ, ಹಿಂದುಗಡೆ ಏನೋ ಕೂತಿತ್ತು, ಇನ್ನೂ ಎದ್ದು ಬಂದಿರಲಿಲ್ಲ.

"ಬೇಡ ಅವ್ವ, ಸಕ್ಕರೆ ಹಾಕ್ಬೇಡ. ಒಳಗೆ ಉಟ್ಟು ಅದ್. ನಿಧಾನಕೆ ಮುಂದೆ ಬಂದದೆ."

"ಮಕ್ಕ ಮಾತಾಡ್ಬಾರ್ದು. ಅತ್ತೆ, ನೀವು ಹೇಳಿ. ನಿಮ್ಮ ಬಾಯಿಗೆ ಹೇಂಗುಟ್ಟು?"

ಆಗ ಅಜ್ಜಿ ನಿಜ ಹೇಳಿದಳು. ಚಳಿಗಾಲದ ಜ್ವರದಿಂದ ತನಗೆ ಯಾವ ರುಚಿಯೂ ಇಲ್ಲ, ಕೊಯ್ಲಿನ ದಿನ ಗೊತ್ತುಮಾಡಿದ್ದೂ ಈ ಗೂಡೆಯೇ ಎಂದಳು. ಅವ್ವ ಭರಣಿಯ ಪಕ್ಕ ನೆಲದ ಮೇಲೆ ಕೂತರು.

"ಈ ಪೀಚು ಗೂಡೆ ಮಾತು ಕೇಳಿ ಬಳ್ಳಿನ ಪಣಕ್ಕೆ ಇಟ್ಟದಾ ಅತ್ತೆ?"

"ಹೌದ್. ನನ್ನ ನಾಲಿಗೆ ನನ್ನ ಬಿಟ್ಟು ಹೋದ್ದು ಇದ್ರ ಬಾಯಿಗೇ. ನಂಗೆ ಗೊತ್ತುಟ್ಟು."

ನನಗೆ ಅಳು ಬಂತು. ಹೆಮ್ಮೆಗೋ ಭಯಕ್ಕೋ ಆಗ ತಿಳಿದಿರಲಿಲ್ಲ, ಎರಡಕ್ಕೂ ಇರಬೇಕು. ಅವ್ವ ಮತ್ತೆ ಒಂದು ಚಮಚ ತೆಗೆದು, ಈ ಸಲ ನುಂಗದೆ ಬಾಯಲ್ಲೇ ಇಟ್ಟುಕೊಂಡು, ನನ್ನ ಕಣ್ಣನ್ನೇ ನೋಡುತ್ತ ಕೂತರು. ಆಮೇಲೆ ಎದ್ದು ಸಕ್ಕರೆ ಡಬ್ಬವನ್ನು ಅಡುಗೆಮನೆಯ ನಾಗಂದಿಗೆಯ ಮೇಲೆ, ಕೈಗೆ ಸುಲಭಕ್ಕೆ ಎಟುಕದ ಕಡೆ ಇಟ್ಟುಬಂದರು. ಅಪ್ಪನಿಗೆ ಒಂದು ಮಾತೂ ಹೇಳಲಿಲ್ಲ.

ಕೈಲ್ ಮುಹೂರ್ತಕ್ಕೆ ಚಿಕ್ಕಜ್ಜ ಬಸ್ಸಿಳಿದು, ಕೊಡೆ ಊರಿಕೊಂಡು ಬಂದರು. ಕತ್ತಿ, ಗುದ್ದಲಿ, ಕೋವಿ ಎಲ್ಲ ತೊಳೆದು ಸಾಲಾಗಿಟ್ಟು ತೋಕ್ ಹೂ ಎಂದು ಕರೆಯುವ ಅಗ್ನಿಶಿಖೆ ಹೂ ಸಿಕ್ಕಿಸಿ ಪೂಜೆಯಾಯಿತು. ಮನೆ ತುಂಬ ಹಂದಿ ಕರಿಯ, ಅದಕ್ಕೆ ಹಾಕುವ ಕಾಚಂಪುಳಿ ಎಂಬ ಕಪ್ಪು ಹುಳಿಯ ಘಮ. ನಡುಮನೆಯಲ್ಲಿ ಎಲೆ ಹಾಕಿದರು. ಅಪ್ಪ ಬ್ರಾಂದಿಯ ಲೋಟ ಇಟ್ಟರು. ಅಜ್ಜಿ ಭರಣಿಯಿಂದ ತುಂಬಿ ತಂದ ಇನ್ನೊಂದು ಲೋಟವನ್ನು ಅದರ ಪಕ್ಕದಲ್ಲಿಟ್ಟಳು. ಚಿಕ್ಕಜ್ಜ ಹುಬ್ಬು ಹಾರಿಸಿದರು, ಅಪ್ಪ ಒಪ್ಪಂದ ವಿವರಿಸಿದರು. ಬಾಗಿಲು ಮುಂದೆ ಮಾಡಿಕೊಂಡು ನಾವೆಲ್ಲ ಹೊರಗೆ ನಿಂತೆವು. ಹಿರಿಯರು ಉಣ್ಣುವ ಹೊತ್ತಿನಲ್ಲಿ ಮಾತಾಡಬಾರದು. ನಾನು ಅಜ್ಜಿಯ ಸೆರಗಿನ ತುದಿ ಹಿಡಿದು ಹಿಂಡಿ ಹಿಂಡಿ ಮುದ್ದೆ ಮಾಡಿದ್ದೆ.

ಚಿಕ್ಕಜ್ಜ ಕೆಮ್ಮಿ ಬಾಗಿಲು ತೆರೆದು ಒಳಗೆ ಕೂತರು. ಕಡುಬು ಮುರಿದು ಹಂದಿ ಕರಿಯಲ್ಲಿ ಅದ್ದಿ ತಿಂದರು. ಬ್ರಾಂದಿಯನ್ನು ಒಂದು ಗುಟುಕು, ಪದ್ಧತಿಯಂತೆ. ಆಮೇಲೆ ಆ ಇನ್ನೊಂದು ಲೋಟ ಎತ್ತಿ ದೀಪಕ್ಕೆ ಹಿಡಿದರು, ದೀಪ ಅದರಲ್ಲಿ ಕಾಣಲಿಲ್ಲ, ಅಷ್ಟು ಕಪ್ಪು ಕೆಂಪು. ಕುಡಿದರು. ಮುಖದಲ್ಲಿ ಏನೂ ಇಲ್ಲ. ಮತ್ತೆ ಒಂದು ತುಂಡು ಕೊಬ್ಬಿನ ಬಾಡು ತಿಂದು, ಮತ್ತೆ ಕುಡಿದರು. ಈ ಸಲ ಅಗಿಯುವುದನ್ನು ನಿಲ್ಲಿಸಿದರು.

"ಅತ್ತಿಗೆ, ಇದ್ ಯಾರ ಕೈದ್?"

ಅಜ್ಜಿ ಹೊಸ್ತಿಲ ಹೊರಗಿನಿಂದಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಬಳ್ಳಿ ಅತ್ತೆದ್. ಕೈ ನಂದ್. ನಾಲಿಗೆ ಈ ಗೂಡೆದ್."

ಅಪ್ಪ ಗಕ್ಕನೆ ನನ್ನ ಕಡೆ ತಿರುಗಿದರು. ಚಿಕ್ಕಜ್ಜ ನನ್ನನ್ನು ಒಳಗೆ ಕರೆದು ಎದುರಿಗೆ ಕೂರಿಸಿಕೊಂಡರು. ಲೋಟದಲ್ಲಿ ಉಳಿದದ್ದರಿಂದ ಒಂದು ಹನಿ ನನ್ನ ಬೆರಳಿಗೆ ಬಿಟ್ಟರು.

"ಹಂಗಾರೆ ನೀ ಹೇಳ್. ಇದ್ರಲ್ಲಿ ಎಂತ ಉಟ್ಟು?"

ನೆಕ್ಕಿದೆ. ಆಟಿಯಲ್ಲಿ ಹಿಂದೆ ಅಡಗಿ ಕೂತಿದ್ದದ್ದೆಲ್ಲ ಎದ್ದು ಮುಂದೆ ಬಂದಿತ್ತು. ಒಗರು ಈಗ ಜಗಳವಾಡುತ್ತಿರಲಿಲ್ಲ, ಹಿಡಿದು ನಿಲ್ಲಿಸಿತ್ತು. ನಾನು ಕಣ್ಣು ಮುಚ್ಚಿ, ಚಪ್ಪರದ ಕೆಳಗೆ ಅಜ್ಜಿಗೆ ಹೇಳುತ್ತಿದ್ದ ಹಾಗೆಯೇ ಹೇಳಿದೆ.

"ಒಣಗಿದ ಕಾಫಿ ಹಣ್ಣಿನ ಸಿಪ್ಪೆ ಉಟ್ಟು. ಹಸಿ ಕರಿಮೆಣಸು ಉಟ್ಟು. ಆಮೇಲೆ... ಮಳೆ ಬಾಕೆ ಮುಂದೆ ಕಣ ಬಿಸಿ ಇದ್ದದೆಯಲ್ಲ, ಅದುಟ್ಟು."

ಚಿಕ್ಕಜ್ಜ ಮತ್ತೊಂದು ಗುಟುಕು ತೆಗೆದುಕೊಂಡು, ಒಂದೊಂದನ್ನೇ ಹುಡುಕುವವರ ಹಾಗೆ ಬಾಯಲ್ಲಿ ಹೊರಳಿಸಿದರು. "ಉಟ್ಟು," ಎಂದರು. ಲೋಟ ಮೂಸಿ ನೋಡಿ, "ಕಣನೂ ಉಟ್ಟು," ಎಂದರು. ಆಮೇಲೆ ಬ್ರಾಂದಿಯ ಲೋಟವನ್ನು ಎಲೆಯ ಪಕ್ಕದಿಂದ ಎತ್ತಿ ಅಪ್ಪನ ಕಡೆಗೆ ನೀಡಿದರು.

"ಸೋಮಯ್ಯ, ಇನ್ ಮೇಲೆ ಹಿರಿಯರಿಗೆ ಇದೇ. ಬ್ರಾಂದಿ ಬದುಕಿದವಕ್ಕೆ ಸಾಕ್."

ಮನೆಗೆ ಮನೆಯೇ ನಕ್ಕಿತು. ಅವ್ವ ಅಡುಗೆಮನೆಗೆ ಓಡಿಹೋಗಿ ಒಬ್ಬರೇ ಅತ್ತರು, ಸದ್ದು ನಮಗೆಲ್ಲ ಕೇಳಿಸಿತು. ನಾನು ಕುಣಿದೆ, ನಿಜವಾಗಿಯೂ ಕುಣಿದೆ, ಜಗಲಿಯ ಈ ತುದಿಯಿಂದ ಆ ತುದಿಗೆ. ಗೆಲುವು ಎಂದರೆ ಏನೆಂದು ನನಗೆ ಅವತ್ತು ತಿಳಿಯಿತು, ಆಮೇಲೆ ಬಂದ ಬಹುಮಾನ, ಪದಕಗಳೆಲ್ಲ ಅದರ ಮುಂದೆ ಸಪ್ಪೆ. ಅಜ್ಜಿ ಮಾತ್ರ ಗಂಭೀರವಾಗಿ ಒಂದು ಲೋಟ ತುಂಬಿಸಿಕೊಂಡು ಜಗಲಿಯ ಮೆಟ್ಟಿಲಲ್ಲಿ ಕೂತು ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು. ಇನ್ನೊಂದ್ಸಲ ಹೇಳ್, ಮೆಲ್ಲಂಗೆ ಹೇಳ್ ಎಂದಳು. ಅವಳು ಒಂದೊಂದೇ ಗುಟುಕು ಕುಡಿಯುತ್ತ ಹೋದಳು, ಆ ಗುಟುಕಿನಲ್ಲಿ ಏನೇನಿದೆ ಎಂದು ನಾನು ಹೇಳುತ್ತ ಹೋದೆ. ಲೋಟ ಖಾಲಿಯಾಗುವ ಹೊತ್ತಿಗೆ ಅವಳ ಮುಖ ತೃಪ್ತಿಯಿಂದ ಅರಳಿತ್ತು.

ಅಪ್ಪ ಹಲವು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೋಪವಲ್ಲ, ನನ್ನನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ತುಲಾ ಸಂಕ್ರಮಣ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ಬಳ್ಳಿ ಸವರುವ ಕಾಲ ಬಂತು. ಅದು ಯಾವತ್ತೂ ಅಜ್ಜಿಯ ಕೆಲಸ, ಏಣಿ ಹಿಡಿದು ನೋಡುತ್ತ ನಿಲ್ಲುವುದು ನನ್ನದು, ಆ ವರ್ಷ ಅವಳ ಕೈ ಮೇಲೆ ಏಳುತ್ತಿರಲಿಲ್ಲ. ಒಂದು ಬೆಳಗ್ಗೆ ನಾನು ಶಾಲೆಗೆ ಹೊರಟು ನಿಂತಿದ್ದೆ, ಅಪ್ಪ ಕತ್ತರಿ ಮಸೆದುಕೊಂಡು ಏಣಿ ಹಾಕಿ ಚಪ್ಪರ ಹತ್ತಿದರು. ಇಡೀ ತೋಟದ ಕಾಫಿಗೆ, ಮೆಣಸಿಗೆ, ಮರಗಳಿಗೆ ಎಲ್ಲಿ ಕತ್ತಿ ಬೀಳಬೇಕೆಂದು ತಾವೇ ಆಜ್ಞೆ ಮಾಡುವ ಮನುಷ್ಯ, ಕೆಳಗೆ ಬಗ್ಗಿ ನನ್ನನ್ನು ನೋಡಿದರು.

"ಲೀಲಾ, ಎಲ್ಲಿ ಕತ್ತರ್ಸೊಕು? ನೀ ಹೇಳ್."

ನಾನು ಪುಸ್ತಕದ ಚೀಲ ಕಣದ ಮೇಲಿಟ್ಟು, ಚಪ್ಪರದ ಕೆಳಗೆ ಹೋಗಿ, ಚಿಗುರೊಡೆಯಬೇಕಾದ ಒಂದು ಕಣ್ಣನ್ನು ಬೆರಳಿನಿಂದ ತೋರಿಸಿ, ಅದರ ಮೇಲೆ ಎಂದೆ. ಅಪ್ಪ ಅದರಿಂದ ಒಂದು ಬೆರಳಿನಷ್ಟು ಮೇಲೆ, ನಾನು ಹೇಳಿದಲ್ಲೇ ಕತ್ತರಿಸಿ, ಮುಂದಿನದ್ದಕ್ಕಾಗಿ ಕಾದು ನಿಂತರು.